ಭೇದವೂ ದ್ವೇಷವೂ: ಕೊಪ್ಪಳ ಸೀಮೆಯ ರಾಜಕೀಯ ಭಾಷೆಯನ್ನು ಕುರಿತು ಒಂದು ವಿಮರ್ಶೆ

೧

ರಾಜಕಾರಣದಲ್ಲಿ ನಿಂದೆ ಹೆಚ್ಚಿತೆಂಬ ದೂರು ಎಲ್ಲ ಕಾಲದಲ್ಲಿಯೂ ಕೇಳಿಬರುವಂಥದು. ತನ್ನ ಹಿಂದಿನವರು ಸಭ್ಯರಾಗಿದ್ದರೆಂದೂ ತನ್ನ ಕಾಲದವರು ನಾಲಗೆ ಹರಿಯಬಿಟ್ಟವರೆಂದೂ ಪ್ರತಿಯೊಂದು ತಲೆಮಾರೂ ನಂಬುತ್ತ ಬಂದಿದೆ. ಇಂತಹ ದೂರನ್ನು ಇತಿಹಾಸದ ವಿದ್ಯಾರ್ಥಿಯು ಕೇಳಿದೊಡನೆ ಒಪ್ಪಲಾರನು. ಅಲ್ಲಗಳೆದು ಸುಮ್ಮನಾಗುವುದೂ ಅವನಿಗೆ ಉಚಿತವಲ್ಲ. ನಿಂದೆ ಎಷ್ಟು ಹೆಚ್ಚಿತೆಂಬ ಪ್ರಶ್ನೆಗಿಂತ, ಅದು ಈಗ ಯಾವ ಕೆಲಸವನ್ನು ಮಾಡುತ್ತಿದೆ, ಯಾವುದರ ಸ್ಥಾನವನ್ನು ಆಕ್ರಮಿಸಿದೆ ಎಂಬ ಪ್ರಶ್ನೆ ಹೆಚ್ಚು ಫಲಪ್ರದವಾದುದು. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಎಂಬ ನಾಲ್ಕು ತಾಲ್ಲೂಕುಗಳ ಸೀಮೆಯನ್ನು ಮುಂದಿಟ್ಟುಕೊಂಡು ಈ ಪ್ರಶ್ನೆಯನ್ನು ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ. ೧೯೯೭ರಲ್ಲಿ ರಾಯಚೂರಿನಿಂದ ಬೇರ್ಪಟ್ಟು ಜಿಲ್ಲೆಯಾದಾಗ ಇಲ್ಲಿ ಇದ್ದುವು ಈ ನಾಲ್ಕೇ ತಾಲ್ಲೂಕುಗಳು. ಕುಕನೂರು, ಕನಕಗಿರಿ, ಕಾರಟಗಿಗಳು ಅನಂತರ ಇವುಗಳಿಂದಲೇ ಒಡೆದುಬಂದುವು.

ನಮ್ಮ ಅಭಿಪ್ರಾಯವನ್ನು ಮೊದಲೇ ತಿಳಿಸಿಬಿಡುವುದು ಒಳ್ಳೆಯದು. ಮತಭೇದವು ತೀವ್ರವಾದಾಗ ದ್ವೇಷವು ಹುಟ್ಟುವುದೆಂಬುದು ಸಾಮಾನ್ಯವಾದ ನಂಬಿಕೆ. ನಮ್ಮ ಸೀಮೆಯಲ್ಲಿ ಕಂಡುಬರುವುದು ಬಹುಮಟ್ಟಿಗೆ ಇದಕ್ಕೆ ವಿಪರೀತವಾದುದು. ಭೇದವು ಸವೆದು ತೆಳುವಾದಲ್ಲಿ, ಆ ತೆರವನ್ನು ತುಂಬಲು ದ್ವೇಷವನ್ನು ಕರೆತರಲಾಗುತ್ತದೆ. ಆದುದರಿಂದ ಇಂದಿನ ನಮ್ಮ ಕೊರತೆಯು ಸೌಜನ್ಯದ ಕೊರತೆಗಿಂತ ಮಿಗಿಲಾಗಿ ನಿಜವಾದ ಭಿನ್ನಾಭಿಪ್ರಾಯದ ಕೊರತೆಯಾಗಿದೆ.

೨

ಒಂದು ನಿದರ್ಶನದಿಂದ ಪ್ರಾರಂಭಿಸೋಣ. ೨೦೨೪ರ ಆಗಸ್ಟ್ ೧೦ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ ೩೩ ಕ್ರೆಸ್ಟ್ ಗೇಟುಗಳ ಪೈಕಿ ೧೯ನೆಯದು, ಸರಪಳಿ ತುಂಡಾಗಿ ಕೊಚ್ಚಿಹೋಯಿತು. ಜಲಾಶಯ ತುಂಬಿದ್ದ ಕಾಲ ಅದು. ಅಣೆಕಟ್ಟಿನ ಮೇಲಣ ಒತ್ತಡವನ್ನು ತಗ್ಗಿಸಲು ಉಳಿದ ಗೇಟುಗಳನ್ನೂ ತೆರೆದು ನೀರನ್ನು ನದಿಗೆ ಬಿಡಬೇಕಾಯಿತು. ಮುನಿರಾಬಾದಿನಿಂದ ಹೊರಡುವ ಎಡದಂಡೆ ಕಾಲುವೆಯನ್ನು ನಂಬಿ ಗಂಗಾವತಿ, ಕಾರಟಗಿಗಳ ಕಡೆ ಭತ್ತ ಬೆಳೆಯುವ ಒಕ್ಕಲು ಮನೆಗಳಲ್ಲಿ ಆ ವಾರ ಒಲೆ ಉರಿದರೂ ನಿದ್ದೆ ಇರಲಿಲ್ಲ. ಎಂಜಿನಿಯರರೂ ಕಾರ್ಮಿಕರೂ ಹರಿಯುವ ನೀರಿನಲ್ಲಿಯೇ ಉಕ್ಕಿನ ಹಲಗೆಗಳನ್ನು ಒಂದೊಂದಾಗಿ ಇಳಿಸಿ ಒಂದು ವಾರದೊಳಗೆ ಆ ಬಾಯಿಯನ್ನು ಮುಚ್ಚಿದರು.

ಅದೇ ವಾರದಲ್ಲಿ ರಾಜಕೀಯ ಪಕ್ಷಗಳು ಏನು ಮಾಡಿದುವು? ಇದು ರಾಜ್ಯ ಸರ್ಕಾರದ ನಿರ್ಲಕ್ಷ್ಯವೆಂದು ಒಂದು ಕಡೆಯವರು ಹೇಳಿದರು. ಅಣೆಕಟ್ಟಿನ ನಿರ್ವಹಣೆ ತುಂಗಭದ್ರಾ ಮಂಡಳಿಗೆ ಸೇರಿದ್ದು, ಮಂಡಳಿಯ ಅಧ್ಯಕ್ಷರನ್ನು ನೇಮಿಸುವುದು ಕೇಂದ್ರ ಸರ್ಕಾರವೆಂದು ಮತ್ತೊಂದು ಕಡೆಯವರು ಉತ್ತರಿಸಿದರು. ಎರಡೂ ಮಾತುಗಳಲ್ಲಿ ಸ್ವಲ್ಪ ಸ್ವಲ್ಪ ನಿಜವಿರಬಹುದು. ಆದರೆ ಸುಮಾರು ಎಪ್ಪತ್ತು ವರ್ಷದ ಸರಪಳಿಗಳನ್ನು ಪರೀಕ್ಷಿಸುವ ಕ್ರಮವೇನು? ಮೊದಲು ೧೩೩ ಟಿ.ಎಂ.ಸಿ. ಅಡಿ ನೀರು ಹಿಡಿಯುತ್ತಿದ್ದ ಜಲಾಶಯವು ಹೂಳಿನ ದೆಸೆಯಿಂದ ಸುಮಾರು ೧೦೫ಕ್ಕೆ ಇಳಿದಿರುವಾಗ ಪರಿಹಾರವೇನು? ಹೂಳನ್ನು ತೆಗೆಯುವುದು ಸಾಧ್ಯವೇ, ಅಥವಾ ನವಲಿಯ ಬಳಿ ಸಮಾನಾಂತರ ಜಲಾಶಯವೇ ಗತಿಯೇ? ನವಲಿಯಾದರೆ ಮುಳುಗುವ ಭೂಮಿಗೆ ಏನು ಉತ್ತರ, ಆಂಧ್ರಪ್ರದೇಶ, ತೆಲಂಗಾಣಗಳ ಒಪ್ಪಿಗೆಯನ್ನು ಪಡೆಯುವ ಬಗೆ ಯಾವುದು? ಇವು ಪ್ರಾಮಾಣಿಕರಾದ ಇಬ್ಬರು ಭಿನ್ನಾಭಿಪ್ರಾಯ ತಾಳಬಹುದಾದ ಪ್ರಶ್ನೆಗಳು. ನಾವು ಕೇಳಿದ ಭಾಷಣಗಳಲ್ಲಿ ಇವುಗಳ ಮೇಲೆ ಭಿನ್ನಾಭಿಪ್ರಾಯವೇ ಕಾಣಲಿಲ್ಲ. ಕಂಡುದು ಆರೋಪ ಮಾತ್ರ.

ನಮ್ಮ ಶಾಸ್ತ್ರಕಾರರು ಈ ಸ್ಥಿತಿಗೆ ಬಹಳ ಹಿಂದೆಯೇ ಹೆಸರಿಟ್ಟಿರುವರು. ಗೌತಮನ ನ್ಯಾಯಸೂತ್ರದಲ್ಲಿ ಚರ್ಚೆಯನ್ನು ಮೂರು ಬಗೆಯಾಗಿ ವಿಂಗಡಿಸಲಾಗಿದೆ. ತತ್ತ್ವವನ್ನು ನಿರ್ಣಯಿಸುವುದಕ್ಕಾಗಿ ಪ್ರಮಾಣ, ತರ್ಕಗಳಿಂದ ನಡೆಯುವುದು ವಾದ. ಗೆಲ್ಲಲೇಬೇಕೆಂಬ ಹಟದಿಂದ ಛಲ ಮೊದಲಾದ ಉಪಾಯಗಳನ್ನೂ ಬಳಸಿ ತನ್ನ ಪಕ್ಷವನ್ನು ಸ್ಥಾಪಿಸಲು ಹೊರಡುವುದು ಜಲ್ಪ. ತನ್ನದೆಂಬ ಪಕ್ಷವನ್ನೇ ಸ್ಥಾಪಿಸದೆ ಎದುರಾಳಿಯದನ್ನು ಕೆಡಹುವುದರಲ್ಲಿಯೇ ಮುಗಿಯುವುದು ವಿತಂಡ. ಚುನಾವಣೆಯ ಭಾಷಣದಲ್ಲಿ ಶುದ್ಧವಾದ ವಾದವನ್ನು ಯಾರೂ ನಿರೀಕ್ಷಿಸಲಾರರು. ಪ್ರಜಾಪ್ರಭುತ್ವವು ಸ್ವಲ್ಪ ಜಲ್ಪವನ್ನು ಸಹಿಸಿಕೊಂಡೇ ನಡೆಯತಕ್ಕದ್ದು. ಜಲ್ಪದಲ್ಲಿ ಕೊನೆಯ ಪಕ್ಷ ವಕ್ತಾರನಿಗೆ ಒಂದು ನಿಲುವಾದರೂ ಇರುತ್ತದೆ, ಗೆದ್ದ ಮೇಲೆ ಅದಕ್ಕೆ ಅವನನ್ನು ಹೊಣೆ ಮಾಡಬಹುದು. ವಿತಂಡದಲ್ಲಿ ಆ ಹೊಣೆಯೂ ಇಲ್ಲ. ಇಂದಿನ ರಾಜಕೀಯ ಭಾಷೆಯ ದೋಷ ಅದರ ಕಟುತ್ವದಲ್ಲಿಲ್ಲ, ಅದು ಜಲ್ಪದಿಂದಲೂ ಜಾರಿ ವಿತಂಡಕ್ಕೆ ಇಳಿದಿರುವುದರಲ್ಲಿದೆ ಎಂದು ನಾವು ಭಾವಿಸುತ್ತೇವೆ.

೩

ಈ ಸಂಗತಿ ನಮ್ಮ ಸೀಮೆಗೆ ಮಾತ್ರ ಸೇರಿದುದಲ್ಲ. ಅಮೆರಿಕದ ಸಂಯುಕ್ತ ಸಂಸ್ಥಾನದ ಅನುಭವವನ್ನು ಇಲ್ಲಿ ಸ್ಮರಿಸುವುದು ಉಪಯುಕ್ತ. ಅಲ್ಲಿಯೂ ಹಗೆಯ ರಾಜಕಾರಣ ಹೊಸದೇನಲ್ಲ. ೧೮೦೦ರಲ್ಲಿ ಆಡಮ್ಸ್ ಮತ್ತು ಜೆಫರ್ಸನ್ನರ ಬೆಂಬಲಿಗರು ಪರಸ್ಪರ ಬರೆದುಕೊಂಡುದನ್ನು ನೋಡಿದರೆ ಇಂದಿನವರು ನಾಚಬೇಕು. ೧೮೫೬ರಲ್ಲಿ ಗುಲಾಮಗಿರಿಯನ್ನು ಖಂಡಿಸಿ ಮಾತನಾಡಿದ ಚಾರ್ಲ್ಸ್ ಸಮ್ನರ್ ಎಂಬ ಸೆನೆಟ್ ಸದಸ್ಯನನ್ನು, ದಕ್ಷಿಣದ ಪ್ರತಿನಿಧಿಯೊಬ್ಬನು ಸೆನೆಟ್ ಸಭಾಂಗಣದಲ್ಲಿಯೇ ಬೆತ್ತದಿಂದ ಪ್ರಜ್ಞೆ ತಪ್ಪುವಂತೆ ಹೊಡೆದನು. ಆದರೆ ಆ ಹೊಡೆತದ ಹಿಂದೆ ಒಂದು ಮಹತ್ತರವಾದ ಭೇದವಿತ್ತು: ಮನುಷ್ಯನನ್ನು ಮನುಷ್ಯನು ಕೊಳ್ಳಬಹುದೇ ಎಂಬ ಪ್ರಶ್ನೆ.

ಇದಕ್ಕೆ ಹೋಲಿಸಿದರೆ ಇತ್ತೀಚಿನ ಕಥೆ ವಿಚಿತ್ರವಾದುದು. ೧೯೫೦ರಲ್ಲಿ ಅಮೆರಿಕದ ರಾಜ್ಯಶಾಸ್ತ್ರಜ್ಞರ ಸಂಘದ ಒಂದು ಸಮಿತಿಯು, ಎರಡು ಪ್ರಮುಖ ಪಕ್ಷಗಳ ಕಾರ್ಯಕ್ರಮಗಳು ಪರಸ್ಪರ ಸ್ಪಷ್ಟವಾಗಿ ಭಿನ್ನವಾಗಿಲ್ಲವೆಂದು ವರದಿ ಬರೆದು ಮರುಗಿತು. ೧೯೬೦ರಲ್ಲಿ, ತಮ್ಮ ಮಗನೋ ಮಗಳೋ ಎದುರು ಪಕ್ಷದವರನ್ನು ಮದುವೆಯಾದರೆ ಅಸಮಾಧಾನವಾಗುವುದೆಂದು ಹೇಳಿದವರು ನೂರಕ್ಕೆ ಐವರಷ್ಟೇ. ೨೦೧೦ರ ವೇಳೆಗೆ ಈ ಸಂಖ್ಯೆ ರಿಪಬ್ಲಿಕನ್ನರಲ್ಲಿ ಸುಮಾರು ಅರ್ಧಕ್ಕೂ ಡೆಮಾಕ್ರಟಿಕರಲ್ಲಿ ಸುಮಾರು ಮೂರನೆಯ ಒಂದಕ್ಕೂ ಏರಿತ್ತು. ಶಾಂತೋ ಅಯ್ಯಂಗಾರ್ ಮತ್ತು ಅವರ ಸಹೋದ್ಯೋಗಿಗಳು ೨೦೧೨ರಲ್ಲಿ ಈ ಅಂಕಿಗಳನ್ನು ಚರ್ಚಿಸುತ್ತ, ಜನರ ನಡುವಣ ಹಗೆಗೂ ಕಾರ್ಯನೀತಿಗಳ ಬಗ್ಗೆ ಅವರಲ್ಲಿರುವ ಭಿನ್ನಾಭಿಪ್ರಾಯಕ್ಕೂ ನಂಟು ತೀರ ಸಡಿಲವಾದುದೆಂದು ತೋರಿಸಿದರು. ಅಲ್ಲಿನ ಮುಖಂಡರ ನಡುವೆ ಭೇದ ಹೆಚ್ಚಿರುವುದು ನಿಜವೇ. ಆದರೂ ಸಾಮಾನ್ಯ ಮತದಾರನ ದ್ವೇಷವು ಅವನ ಭೇದಕ್ಕಿಂತ ಬಹಳ ವೇಗವಾಗಿ ಬೆಳೆಯಿತು. ೨೦೨೧ರ ಜನವರಿ ೬ರಂದು ಅಲ್ಲಿನ ಸಂಸದ್ಭವನಕ್ಕೆ ನುಗ್ಗಿದ ಗುಂಪು ಯಾವ ಕಾನೂನನ್ನು ಬೇಡಲು ಬಂದಿತ್ತು? ತನ್ನವನು ಸೋತನೆಂಬುದನ್ನು ಒಪ್ಪಲಾರದೆ ಬಂದಿತ್ತು, ಅಷ್ಟೆ.

ಇದರಿಂದ ನಾವು ಗ್ರಹಿಸಬೇಕಾದುದು ಇಷ್ಟು: ದ್ವೇಷವು ಭೇದದ ಅಳತೆಗೋಲಲ್ಲ. ಎರಡನ್ನೂ ಬೇರೆ ಬೇರೆಯಾಗಿ ಅಳೆಯಬೇಕು. ಮದುವೆಯ ಪ್ರಶ್ನೆಯನ್ನು ನಮ್ಮಲ್ಲಿ ಪಕ್ಷದ ಬಗ್ಗೆ ಕೇಳಿದರೆ ನಗು ಬಂದೀತು. ಜಾತಿಯ ಬಗ್ಗೆ ಕೇಳಿದರೆ ನಗು ನಿಂತೀತು. ಆ ವಿಷಯಕ್ಕೆ ಮುಂದೆ ಬರುತ್ತೇವೆ.

೪

ಕರ್ನಾಟಕದ ಚುನಾವಣಾ ಇತಿಹಾಸದಲ್ಲಿ ಹಗೆಯ ಮಾತು ಎಷ್ಟು ಅಲ್ಪಾಯುವೆಂಬುದಕ್ಕೆ ಎರಡು ಪ್ರಸಂಗಗಳು ಸಾಕು. ೧೯೭೮ರ ನವೆಂಬರಿನಲ್ಲಿ ಚಿಕ್ಕಮಗಳೂರಿನ ಉಪಚುನಾವಣೆಯಲ್ಲಿ ಇಂದಿರಾ ಗಾಂಧಿಯವರಿಗೆ ಎದುರಾಗಿ ನಿಂತವರು ಜನತಾ ಪಕ್ಷದ ವೀರೇಂದ್ರ ಪಾಟೀಲರು. ಅವರು ನಮ್ಮ ಕಲ್ಯಾಣ ನಾಡಿನವರು, ಮುಖ್ಯಮಂತ್ರಿಯಾಗಿದ್ದವರು. ಆ ಚುನಾವಣೆಯಲ್ಲಿ ಒಬ್ಬರನ್ನು ಸಿಂಹಿಣಿಯೆಂದೂ ಎದುರಾಳಿಗಳೆಲ್ಲರನ್ನೂ ಕೋತಿಗಳ ಹಿಂಡೆಂದೂ ಕರೆದ ಘೋಷಣೆ ದೇಶದ ಉದ್ದಗಲಕ್ಕೆ ಹಬ್ಬಿತು. ಅದಾದ ಎರಡು ವರ್ಷದೊಳಗೆ, ೧೯೮೦ರಲ್ಲಿ, ಅದೇ ವೀರೇಂದ್ರ ಪಾಟೀಲರು ಅದೇ ಇಂದಿರಾ ಗಾಂಧಿಯವರ ಸಂಪುಟದಲ್ಲಿ ಮಂತ್ರಿಗಳಾಗಿದ್ದರು. ೧೯೮೯ರಲ್ಲಿ ಆ ಪಕ್ಷದಿಂದಲೇ ಮತ್ತೆ ಮುಖ್ಯಮಂತ್ರಿಗಳಾದರು. ಘೋಷಣೆ ಮಾತ್ರ ಜನರ ಬಾಯಲ್ಲಿ ಉಳಿದುಕೊಂಡಿತು.

ಎರಡನೆಯದು ನದಿಯಾಚೆಯ ಬಳ್ಳಾರಿಯದು. ೧೯೯೯ರಲ್ಲಿ ಅಲ್ಲಿ ಸೋನಿಯಾ ಗಾಂಧಿಯವರೂ ಸುಷ್ಮಾ ಸ್ವರಾಜರೂ ಎದುರಾದಾಗ, ಸ್ಪರ್ಧೆಯನ್ನು ಸ್ವದೇಶಿ ಮಗಳು ಮತ್ತು ವಿದೇಶಿ ಸೊಸೆಯ ನಡುವಣ ಆಯ್ಕೆಯೆಂದು ಬಣ್ಣಿಸಲಾಯಿತು. ಹುಟ್ಟನ್ನು ಮುಂದೆ ಮಾಡಿದೊಡನೆ ಬಳ್ಳಾರಿಯ ನೀರು, ಗಣಿ, ಶಾಲೆಗಳು ಹಿಂದೆ ಬಿದ್ದುವು. ಗೆದ್ದವರು ಅಮೇಥಿಯನ್ನು ಉಳಿಸಿಕೊಂಡು ಬಳ್ಳಾರಿಯನ್ನು ಬಿಟ್ಟರು. ಮಗಳೋ ಸೊಸೆಯೋ ಎಂದು ಕಟ್ಟೆಯ ಮೇಲೆ ಜಗಳವಾಡಿದ ಮತದಾರನ ಪಾಲಿಗೆ ಬಂದುದು ಮತ್ತೊಂದು ಚುನಾವಣೆ.

ಇನ್ನು ನಮ್ಮ ಸೀಮೆ. ೨೦೧೪ ಮತ್ತು ೨೦೧೯ರಲ್ಲಿ ಭಾರತೀಯ ಜನತಾ ಪಕ್ಷದಿಂದ ಕೊಪ್ಪಳದ ಲೋಕಸಭಾ ಸದಸ್ಯರಾಗಿದ್ದ ಸಂಗಣ್ಣ ಕರಡಿಯವರು ಟಿಕೆಟ್ಟು ದೊರೆಯದೆ ೨೦೨೪ರ ಏಪ್ರಿಲಿನಲ್ಲಿ ಕಾಂಗ್ರೆಸ್ಸನ್ನು ಸೇರಿದರು. ೨೦೨೨ರ ಡಿಸೆಂಬರಿನಲ್ಲಿ ಸ್ಥಾಪಿತವಾದ ಕಲ್ಯಾಣ ರಾಜ್ಯ ಪ್ರಗತಿ ಪಕ್ಷವು ೨೦೨೩ರಲ್ಲಿ ಎರಡು ದೊಡ್ಡ ಪಕ್ಷಗಳನ್ನೂ ಎದುರಿಸಿ ಗಂಗಾವತಿಯನ್ನು ಗೆದ್ದು, ೨೦೨೪ರ ಮಾರ್ಚಿನಲ್ಲಿ ಅವುಗಳಲ್ಲಿ ಒಂದರೊಡನೆ ವಿಲೀನವಾಯಿತು. ಪಕ್ಷಾಂತರವನ್ನೇ ದೋಷವೆಂದು ನಾವು ಹೇಳುವುದಿಲ್ಲ. ಅಭಿಪ್ರಾಯ ಬದಲಾದವನು ಪಕ್ಷವನ್ನು ಬಿಡುವುದು ಪ್ರಾಮಾಣಿಕತೆಯ ಲಕ್ಷಣವೂ ಆಗಬಹುದು. ನಮ್ಮ ಪ್ರಶ್ನೆ ಬೇರೆ. ಇಷ್ಟು ಸುಲಭವಾಗಿ ದಾಟಬಹುದಾದ ಗಡಿಯ ಎರಡು ಬದಿಗೂ ಇಷ್ಟು ಎತ್ತರದ ಹಗೆಯ ಗೋಡೆ ಏತಕ್ಕೆ? ದಾಟುವವರಿಗೆ ಬಾಗಿಲಿದೆ, ಗೋಡೆ ಇರುವುದು ದಾಟಲಾರದವರಿಗೆ.

ದಾಟಲಾರದವರು ಹಳ್ಳಿಯಲ್ಲಿರುವರು. ನಮ್ಮ ಕಡೆ ‘ಪಾರ್ಟಿ’ ಎಂಬ ಮಾತಿಗೆ ರಾಜಕೀಯ ಪಕ್ಷವೆಂಬ ಅರ್ಥಕ್ಕಿಂತ ಊರೊಳಗಿನ ಬಣವೆಂಬ ಅರ್ಥವೇ ಪ್ರಬಲವಾದುದು. ಗ್ರಾಮ ಪಂಚಾಯಿತಿಯ ಚುನಾವಣೆಗಳು ಕಾನೂನಿನ ಪ್ರಕಾರ ಪಕ್ಷರಹಿತವಾದರೂ ಊರಲ್ಲಿ ಎರಡು ಪಾರ್ಟಿ ಬಿದ್ದಿಲ್ಲದ ಊರು ಅಪರೂಪ. ಒಂದು ಪಾರ್ಟಿಯವರ ಮದುವೆಗೆ ಇನ್ನೊಂದು ಪಾರ್ಟಿಯವರು ಹೋಗುವುದಿಲ್ಲ. ಹೊಲದ ದಾರಿ, ಕೆರೆಯ ನೀರು, ಜಾತ್ರೆಯ ತೇರು ಎಲ್ಲದರಲ್ಲಿಯೂ ಬಿರುಕು ಮೂಡುವುದು. ನಾಯಕನು ಪಕ್ಷವನ್ನು ಬದಲಾಯಿಸಿದ ಮರುದಿನ ಅವನ ವೇದಿಕೆಯ ಮೇಲೆ ಹಳೆಯ ವೈರಿಗಳು ಹಾರ ಬದಲಾಯಿಸಿಕೊಳ್ಳುವರು. ಅವನಿಗಾಗಿ ಅಣ್ಣನ ಮಗನೊಡನೆ ಮಾತು ಬಿಟ್ಟವನಿಗೆ ಮಾತು ಮರಳಿ ಬರುವುದಿಲ್ಲ. ರಾಜಕೀಯ ದ್ವೇಷದ ಲೆಕ್ಕದಲ್ಲಿ ಲಾಭವನ್ನು ಬರೆದುಕೊಳ್ಳುವವರು ಬೇರೆ, ನಷ್ಟವನ್ನು ತುಂಬಿಕೊಡುವವರು ಬೇರೆ.

೫

ಹಾಗೆಂದು ಹಿಂದಿನ ಕಾಲವನ್ನು ಸುವರ್ಣಯುಗವೆನ್ನಲು ನಾವು ಸಿದ್ಧರಿಲ್ಲ. ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದ ಈ ಸೀಮೆಯು ೧೯೪೭–೪೮ರಲ್ಲಿ ರಜಾಕಾರರ ಹಾವಳಿಯನ್ನು ಕಂಡಿತು. ಗಡಿಯಾಚೆ ಮುಂಡರಗಿಯಲ್ಲಿ ಅಳವಂಡಿಯ ಶಿವಮೂರ್ತಿಸ್ವಾಮಿಗಳ ಮುಂದಾಳುತನದಲ್ಲಿ ಹೋರಾಟದ ಶಿಬಿರ ನಡೆಯಿತು. ೧೯೪೮ರ ಸೆಪ್ಟೆಂಬರ್ ೧೭ರಂದು ಸಂಸ್ಥಾನವು ಶರಣಾಯಿತು. ಅನಂತರ ಸಂಸ್ಥಾನದ ಹಲವು ಜಿಲ್ಲೆಗಳಲ್ಲಿ ನಿರಪರಾಧಿಗಳಾದ ಮುಸಲ್ಮಾನರ ಮೇಲೆ ಪ್ರತೀಕಾರ ನಡೆದುದನ್ನು ಪಂಡಿತ ಸುಂದರಲಾಲರ ಸಮಿತಿ ದಾಖಲಿಸಿದೆ. ಏಕೀಕರಣದ ಕಾಲವೂ ಶಾಂತವಾಗಿರಲಿಲ್ಲ. ೧೯೫೩ರಲ್ಲಿ ಅದರಗುಂಚಿ ಶಂಕರಗೌಡ ಪಾಟೀಲರ ಉಪವಾಸದ ಸಂದರ್ಭದಲ್ಲಿ, ಹುಬ್ಬಳ್ಳಿಯಲ್ಲಿ ನೆರೆದ ಕಾಂಗ್ರೆಸ್ ಮುಖಂಡರು ಜನರ ಕಲ್ಲೇಟಿಗೂ ರೋಷಕ್ಕೂ ಗುರಿಯಾದರು. ಇವೆಲ್ಲ ನಮ್ಮ ಪೂರ್ವಜರ ಕೈಯಿಂದಲೇ ನಡೆದುವು.

ಆದರೂ ಒಂದು ವ್ಯತ್ಯಾಸ ಗಮನಾರ್ಹವಾಗಿದೆ. ಆ ಕಾಲದ ಜಗಳಗಳಿಗೆ ವಿಷಯವಿತ್ತು. ಸಂಸ್ಥಾನವು ಭಾರತವನ್ನು ಸೇರಬೇಕೇ, ಕನ್ನಡಿಗರು ಒಂದು ರಾಜ್ಯವಾಗಬೇಕೇ ಎಂಬ ಪ್ರಶ್ನೆಗಳಿಗೆ ಹೌದು, ಅಲ್ಲ ಎಂಬ ಉತ್ತರಗಳಿದ್ದುವು. ಉತ್ತರ ದೊರೆತ ಮೇಲೆ ಜಗಳ ಮುಗಿಯಬಹುದಾಗಿತ್ತು, ಬಹುಮಟ್ಟಿಗೆ ಮುಗಿಯಿತು ಕೂಡ. ೧೯೫೨ರ ಮೊದಲ ಸಾರ್ವತ್ರಿಕ ಚುನಾವಣೆಯಲ್ಲಿ ಶಿವಮೂರ್ತಿಸ್ವಾಮಿಗಳು ಪಕ್ಷೇತರರಾಗಿ ನಿಂತು ಕುಷ್ಟಗಿ ಕ್ಷೇತ್ರದಿಂದ ಲೋಕಸಭೆಗೆ ಹೋದರು. ೧೯೫೭ರಲ್ಲಿ ಕೊಪ್ಪಳ ಕ್ಷೇತ್ರವು ಕಾಂಗ್ರೆಸ್ಸಿನ ಅಗಡಿ ಸಂಗಣ್ಣನವರ ಪಾಲಾಯಿತು. ೧೯೬೨ರಲ್ಲಿ ಮತ್ತೆ ಶಿವಮೂರ್ತಿಸ್ವಾಮಿಗಳು ಲೋಕಸೇವಕ ಸಂಘದಿಂದ ಗೆದ್ದರು. ೧೯೬೭ರಲ್ಲಿ ಮತ್ತೆ ಅಗಡಿಯವರು. ಆ ಗೆಲುವನ್ನು ಪ್ರಶ್ನಿಸಿ ಸ್ವಾಮಿಗಳು ನ್ಯಾಯಾಲಯಕ್ಕೆ ಹೋದರು. ಪ್ರಕರಣ ಸರ್ವೋಚ್ಚ ನ್ಯಾಯಾಲಯದವರೆಗೆ ನಡೆಯಿತು. ಶಿವಮೂರ್ತಿಸ್ವಾಮಿ ಇನಾಮದಾರ ವಿರುದ್ಧ ಅಗಡಿ ಸಂಗಣ್ಣ ಅಂದಾನಪ್ಪ ಎಂಬ ೧೯೭೧ರ ಆ ತೀರ್ಪು, ಜನಪ್ರತಿನಿಧಿಯೊಬ್ಬನು ಸರ್ಕಾರದ ‘ಲಾಭದಾಯಕ ಹುದ್ದೆ’ಯಲ್ಲಿರುವನೇ ಎಂಬುದನ್ನು ನಿರ್ಣಯಿಸುವ ಒರೆಗಲ್ಲುಗಳ ಪೈಕಿ ಒಂದಾಗ ಉಳಿಯಿತು. ಮೂವತ್ತೈದು ವರ್ಷಗಳ ಅನಂತರ, ೨೦೦೬ರಲ್ಲಿ, ರಾಜ್ಯಸಭಾ ಸದಸ್ಯೆ ಜಯಾ ಬಚ್ಚನ್ನರ ಪ್ರಕರಣದಲ್ಲಿಯೂ ನ್ಯಾಯಾಲಯವು ಅದನ್ನು ಉಲ್ಲೇಖಿಸಿತು.

ಈ ಇಬ್ಬರ ಬೆಂಬಲಿಗರು ಒಬ್ಬರನ್ನೊಬ್ಬರು ಬಯ್ದಿರಲಾರರೆಂದು ನಾವು ಹೇಳುವುದಿಲ್ಲ. ಕೊಪ್ಪಳದ ಒಂದು ಪೈಪೋಟಿಯು ಕೊನೆಗೆ ದೇಶಕ್ಕೆ ಉಪಯೋಗವಾಗುವ ಒಂದು ಪ್ರಶ್ನೆಯ ರೂಪವನ್ನು ತಾಳಿತೆಂಬುದೇ ಇಲ್ಲಿ ಮುಖ್ಯ. ವಿರೋಧವು ಪ್ರಶ್ನೆಯಾಗಿ ಮಾರ್ಪಟ್ಟರೆ ಅದಕ್ಕೆ ಉತ್ತರ ಸಿಗುತ್ತದೆ, ಉತ್ತರವು ಉಳಿಯುತ್ತದೆ. ವಿರೋಧವು ಬಯ್ಗುಳಾಗಿ ಮಾರ್ಪಟ್ಟರೆ ಅದಕ್ಕೆ ಮತ್ತೊಂದು ಬಯ್ಗುಳು ಸಿಗುತ್ತದೆ.

೬

ವಿರೋಧಿಗಳು ಒಂದಾದಾಗ ಈ ಸೀಮೆಗೆ ಏನು ದೊರಕಿತೆಂಬುದನ್ನೂ ನೋಡಬೇಕು. ತುಂಗಭದ್ರೆಯ ನೀರಿಗಾಗಿ ಮದ್ರಾಸ್ ಪ್ರಾಂತವೂ ಹೈದರಾಬಾದ್ ಸಂಸ್ಥಾನವೂ ದಶಕಗಳ ಕಾಲ ತಕರಾರು ನಡೆಸಿದುವು. ಒಪ್ಪಂದವಾದ ಮೇಲೆ ೧೯೪೫ರ ಫೆಬ್ರವರಿ ೨೮ರಂದು ಎರಡು ದಂಡೆಗಳಲ್ಲಿಯೂ ಅಡಿಗಲ್ಲು ಬಿದ್ದಿತು. ಸಂವಿಧಾನದ ೩೭೧(ಜೆ) ವಿಧಿಯ ಕಥೆಯೂ ಇದೇ ಬಗೆಯದು. ೨೦೧೦ರ ಮಾರ್ಚಿನಲ್ಲಿ, ಭಾರತೀಯ ಜನತಾ ಪಕ್ಷದ ಆಡಳಿತವಿದ್ದಾಗ, ರಾಜ್ಯದ ಉಭಯ ಸದನಗಳು ಹೈದರಾಬಾದ್ ಕರ್ನಾಟಕಕ್ಕೆ ವಿಶೇಷ ಸ್ಥಾನಮಾನ ಬೇಕೆಂದು ನಿರ್ಣಯ ಮಾಡಿದುವು. ೨೦೧೨ರ ಡಿಸೆಂಬರಿನಲ್ಲಿ, ಕಾಂಗ್ರೆಸ್ ನಾಯಕತ್ವದ ಸರ್ಕಾರ ಕೇಂದ್ರದಲ್ಲಿದ್ದಾಗ, ಸಂಸತ್ತು ಆ ತಿದ್ದುಪಡಿಯನ್ನು ಅಂಗೀಕರಿಸಿತು. ನಮ್ಮ ವಿದ್ಯಾರ್ಥಿಗಳು ಇಂದು ವೃತ್ತಿಶಿಕ್ಷಣದ ಸೀಟಿನಲ್ಲಿಯೂ ಸರ್ಕಾರಿ ಹುದ್ದೆಯಲ್ಲಿಯೂ ಪಡೆಯುವ ಮೀಸಲಾತಿಯು ಪರಸ್ಪರ ಬಯ್ದುಕೊಳ್ಳುತ್ತಿದ್ದ ಎರಡು ಪಕ್ಷಗಳು ಬಯ್ಯುವುದನ್ನು ಒಂದು ಗಳಿಗೆ ನಿಲ್ಲಿಸಿದ್ದರ ಫಲ.

೨೦೨೫ರ ಫೆಬ್ರವರಿಯಲ್ಲಿ ಕೊಪ್ಪಳದ ಅಂಚಿನಲ್ಲಿ ದೊಡ್ಡ ಉಕ್ಕಿನ ಕಾರ್ಖಾನೆ ಬೇಡವೆಂದು ನಡೆದ ಬಂದ್‌ನಲ್ಲಿ ಗವಿಮಠದ ಸ್ವಾಮಿಗಳೊಡನೆ ಬೇರೆ ಬೇರೆ ಪಕ್ಷಗಳವರು ಒಂದೇ ವೇದಿಕೆಯಲ್ಲಿ ಕಾಣಿಸಿಕೊಂಡರು. ಇದನ್ನು ಮೆಚ್ಚುವವರು ಬಹುಮಂದಿ. ನಾವೂ ಅವರಲ್ಲಿ ಸೇರಿದವರೇ. ಆದರೂ ಒಗ್ಗಟ್ಟೇ ಸತ್ಯಕ್ಕೆ ಪ್ರಮಾಣವಾಗಲಾರದು. ಹೊಗೆ ಬೇಡವೆನ್ನುವವನ ಮಾತಿನ ಪಕ್ಕದಲ್ಲಿ, ಕೆಲಸಕ್ಕಾಗಿ ಬೆಂಗಳೂರಿಗೂ ಗೋವೆಗೂ ಗುಳೆ ಹೋಗುವ ಕುಷ್ಟಗಿ, ಯಲಬುರ್ಗಾಗಳ ಒಣಬೇಸಾಯದ ಯುವಕನ ಮಾತಿಗೂ ಒಂದು ಆಸನವಿರಬೇಕು. ಏಕಮತವು ಎದುರು ಪಕ್ಷವನ್ನು ಕೇಳಿ ಬಂದುದಾದರೆ ಬಲವಾದುದು. ಕೇಳದೆ ಬಂದುದಾದರೆ ಅದೂ ಒಂದು ಬಗೆಯ ಸದ್ದಡಗಿಸುವಿಕೆ.

೭

ಇಲ್ಲಿ ಒಂದು ಗಂಭೀರವಾದ ಆಕ್ಷೇಪ ಬರುತ್ತದೆ. ಮಾತಿನ ಸಂಯಮವನ್ನು ಬೋಧಿಸುವವರು ಸಾಮಾನ್ಯವಾಗಿ ಹೊಟ್ಟೆ ತುಂಬಿದವರು. ನೊಂದವನು ಕೂಗಿದರೆ ಅದನ್ನು ಅವರು ನಿಂದೆಯೆಂದು ಕರೆಯುವರು. ಈ ಆಕ್ಷೇಪವನ್ನು ನಾವು ಪೂರ್ಣವಾಗಿ ಮನ್ನಿಸುತ್ತೇವೆ. ೧೯೭೩ರಲ್ಲಿ ಮೈಸೂರಿನಲ್ಲಿ ಮಂತ್ರಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹುಭಾಗ ಬೂಸವೆಂದಾಗ ಉತ್ತರವಾಗಿ ಬಂದುದು ವಿಮರ್ಶೆಯಲ್ಲ, ಗಲಭೆ. ಕೊನೆಗೆ ಅವರು ಮಂತ್ರಿಪದವಿಯನ್ನು ಬಿಡಬೇಕಾಯಿತು. ಅವರ ಮಾತು ಕಟುವಾಗಿತ್ತು, ಆದರೆ ಅದರಲ್ಲಿ ಒಂದು ಪಕ್ಷವಿತ್ತು: ಈ ಸಾಹಿತ್ಯದಲ್ಲಿ ನಮ್ಮ ಬದುಕು ಎಲ್ಲಿದೆ ಎಂಬುದು. ಅದನ್ನು ವಿತಂಡವೆನ್ನಲಾಗದು. ದಲಿತ ಸಂಘರ್ಷ ಸಮಿತಿಯೂ ಅನಂತರದ ಎಷ್ಟೋ ಬರೆಹವೂ ಆ ಪ್ರಶ್ನೆಗೆ ಋಣಿಯಾಗಿವೆ.

ಅದರಂತೆಯೇ, ೨೦೦೨ರಲ್ಲಿ ಡಿ.ಎಂ. ನಂಜುಂಡಪ್ಪ ಸಮಿತಿಯು ರಾಜ್ಯದ ೩೯ ತಾಲ್ಲೂಕುಗಳನ್ನು ಅತ್ಯಂತ ಹಿಂದುಳಿದವೆಂದು ಗುರುತಿಸಿತು. ಅವುಗಳಲ್ಲಿ ೨೧ ಕಲಬುರಗಿ ವಿಭಾಗಕ್ಕೆ ಸೇರಿದುವು, ಕುಷ್ಟಗಿ, ಯಲಬುರ್ಗಾಗಳು ಆ ಪಟ್ಟಿಯಲ್ಲಿದ್ದುವು. ಇಂತಹ ವರದಿಯನ್ನು ಓದಿ ಸಿಟ್ಟು ಬಾರದಿದ್ದರೆ ಅದು ಸಂಯಮವಲ್ಲ, ಜಡತೆ. ಗಂಗಾವತಿ ತಾಲ್ಲೂಕಿನ ಮರಕುಂಬಿಯಲ್ಲಿ ೨೦೧೪ರಲ್ಲಿ ದಲಿತರ ಮನೆಗಳಿಗೆ ಬೆಂಕಿ ಬಿದ್ದಾಗ ಬೇಕಾಗಿದ್ದುದು ಮೃದುವಾದ ಮಾತಲ್ಲ, ನ್ಯಾಯ. ಮೊದಲ ನ್ಯಾಯಾಲಯದ ತೀರ್ಪು ಹೊರಬೀಳಲು ಹತ್ತು ವರ್ಷ ಹಿಡಿಯಿತು. ಮೇಲೆ ಹೇಳಿದ ಮದುವೆಯ ಪ್ರಶ್ನೆಯನ್ನು ಇಲ್ಲಿ ನೆನೆಯಬೇಕು. ನಮ್ಮ ಸೀಮೆಯ ನಿಜವಾದ ಭೇದ ಜಾತಿಯಲ್ಲಿದೆ, ಭೂಮಿಯಲ್ಲಿದೆ, ನೀರಿನಲ್ಲಿದೆ. ವೇದಿಕೆಯ ಮೇಲಣ ಬಯ್ಗುಳು ಈ ಭೇದಗಳನ್ನು ಹೊರಗೆಡಹುವುದಿಲ್ಲ. ಅವುಗಳ ಮೇಲೆ ಗದ್ದಲದ ಕಂಬಳಿ ಹೊದಿಸುತ್ತದೆ. ಆದುದರಿಂದ ಬಯ್ಗುಳನ್ನು ವಿರೋಧಿಸುವುದೂ ನೊಂದವನ ಕೂಗನ್ನು ಕೇಳುವುದೂ ಒಂದೇ ಕಾರ್ಯದ ಎರಡು ಮುಖಗಳು.

ದೋಷವನ್ನು ಹೇಳುವುದಕ್ಕೂ ದ್ವೇಷವನ್ನು ಸಾಧಿಸುವುದಕ್ಕೂ ಇರುವ ಅಂತರವನ್ನು ಕನ್ನಡವು ತನ್ನ ಮೊದಲ ಉಪಲಬ್ಧ ಗ್ರಂಥದಲ್ಲಿಯೇ ತಿಳಿದಿತ್ತು. ನೃಪತುಂಗನ ಆಸ್ಥಾನದಲ್ಲಿ ಶ್ರೀವಿಜಯನು ರಚಿಸಿದ ಕವಿರಾಜಮಾರ್ಗವು ಕನ್ನಡದ ತಿರುಳು ನಾಡನ್ನು ಗುರುತಿಸುವಾಗ ಕಿಸುವೊಳಲ್, ಪುಲಿಗೆರೆ, ಒಕ್ಕುಂದಗಳೊಡನೆ ನಮ್ಮ ಕೊಪಣವನ್ನೂ ಹೆಸರಿಸುತ್ತದೆ. ಇತರರ ವಿಚಾರವನ್ನೂ ಇತರರ ಧರ್ಮವನ್ನೂ ಸಹಿಸುವ ಶಕ್ತಿಯೇ ಮನುಷ್ಯನ ನಿಜವಾದ ಚಿನ್ನವೆಂಬ ಅಭಿಪ್ರಾಯ ಬರುವುದೂ ಆ ಗ್ರಂಥದಲ್ಲಿಯೇ. ಇದನ್ನು ಸಭೆಗಳಲ್ಲಿ ಎಲ್ಲರೂ ನೆನೆಯುವರು. ಆದರೆ ಅದೇ ಗ್ರಂಥದ ಮೊದಲ ಪರಿಚ್ಛೇದವು ಬಹುಮಟ್ಟಿಗೆ ಕಾವ್ಯದ ದೋಷಗಳ ವಿಚಾರಕ್ಕೆ ಮೀಸಲಾಗಿರುವುದನ್ನು ನೆನೆಯುವವರು ವಿರಳ. ಸಹಿಸುವುದೂ ದೋಷವನ್ನು ತೋರಿಸುವುದೂ ಅಲ್ಲಿ ಒಂದೇ ಮನಸ್ಸಿನ ವ್ಯಾಪಾರಗಳು. ಸಹನೆಯೆಂದರೆ ತಪ್ಪನ್ನು ಕಂಡೂ ಕಾಣದಂತಿರುವುದೆಂದು ಆ ಲಾಕ್ಷಣಿಕನು ತಿಳಿದಿರಲಿಲ್ಲ.

ಅಶೋಕನ ಶಾಸನಗಳೂ ಇಲ್ಲಿ ಪ್ರಸ್ತುತವಾಗಿವೆ. ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡುಗಳಲ್ಲಿ ಇರುವುವು ಲಘುಶಿಲಾಶಾಸನಗಳು. ಮಾತಿನ ಸಂಯಮವನ್ನು ಕುರಿತ ಹನ್ನೆರಡನೆಯ ಶಿಲಾಶಾಸನವು ನಮ್ಮ ನಾಡಿನಲ್ಲಿ ದೊರೆತುದು ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿ. ಅಲ್ಲಿ ಅದು ಗುಡಿಯೊಂದರ ಮೂರ್ತಿಯ ಪೀಠವಾಗಿ ಮರೆಯಾಗಿತ್ತು. ೧೯೮೦ರ ದಶಕದಲ್ಲಿ ಬೆಳಕಿಗೆ ಬಂದಿತು. ಸಂದರ್ಭವಿಲ್ಲದೆ ತನ್ನ ಪಂಥವನ್ನು ಹೊಗಳುವುದೂ ಪರರದನ್ನು ಹಳಿಯುವುದೂ ಸಲ್ಲದು, ಸಂದರ್ಭವಿದ್ದರೂ ಅದು ಹಗುರವಾಗಿರಬೇಕು, ಪರಪಂಥವನ್ನು ಹಳಿಯುವವನು ತನ್ನದಕ್ಕೇ ಹಾನಿ ತಂದುಕೊಳ್ಳುವನು ಎಂಬುದು ಅದರ ತಾತ್ಪರ್ಯ. ಇದು ಧರ್ಮಪಂಥಗಳನ್ನು ಕುರಿತದ್ದು, ಒಬ್ಬ ಅರಸನು ಪ್ರಜೆಗಳಿಗೆ ಹೇಳಿದ್ದು. ಪ್ರಜೆಗಳು ಅರಸರನ್ನು ಆರಿಸುವ ಕಾಲಕ್ಕೆ ಅದನ್ನು ಹಾಗೆಯೇ ಅನ್ವಯಿಸಲಾಗದು. ಆದರೂ ‘ಸಂದರ್ಭ’ ಎಂಬ ಅದರ ನಿಯಮವು ಅನುಸರಣೀಯವಾದುದು. ಹಳಿಯುವುದಕ್ಕೆ ಕಾರಣವಿದೆಯೇ, ಆ ಕಾರಣಕ್ಕೆ ತಕ್ಕ ಅಳತೆಯಲ್ಲಿ ಹಳಿಯುತ್ತಿದ್ದೇವೆಯೇ ಎಂದು ಕೇಳಿಕೊಳ್ಳುವುದು ಅರಸನಿಗೂ ಪ್ರಜೆಗೂ ಸಮಾನವಾದ ಧರ್ಮ.

೮

ಪರಿಹಾರವಾಗಿ ದೊಡ್ಡ ಸೂತ್ರವೇನನ್ನೂ ಸೂಚಿಸಲು ನಾವು ಶಕ್ತರಲ್ಲ. ಅಧ್ಯಾಪಕರ ಕೈಯಲ್ಲಿರುವುದು ತರಗತಿಯೊಂದೇ. ‘ಪಕ್ಷ’ ಎಂಬ ಶಬ್ದವು ಚರ್ಚಾಶಾಸ್ತ್ರದಲ್ಲಿಯೂ ಬಳಕೆಯಲ್ಲಿದೆ. ಆ ಶಾಸ್ತ್ರದಲ್ಲಿ ತನ್ನ ಸಿದ್ಧಾಂತವನ್ನು ಹೇಳುವ ಮೊದಲು ಪೂರ್ವಪಕ್ಷವನ್ನು, ಎಂದರೆ ಎದುರಾಳಿಯ ವಾದವನ್ನು, ಅವನೇ ಒಪ್ಪುವಂತೆ ಮಂಡಿಸಬೇಕೆಂಬ ಕಟ್ಟಳೆಯಿದೆ. ಒಮ್ಮೆ ನವಲಿ ಜಲಾಶಯದ ವಿಷಯವನ್ನು ನಮ್ಮ ಪದವಿ ತರಗತಿಯೊಂದರಲ್ಲಿ ಚರ್ಚೆಗೆ ಇಟ್ಟೆವು. ಜಲಾಶಯ ಬೇಕೆನ್ನುವವರು ಬೇಡವೆನ್ನುವವರ ವಾದವನ್ನೂ, ಬೇಡವೆನ್ನುವವರು ಬೇಕೆನ್ನುವವರ ವಾದವನ್ನೂ ಒಂದು ಪುಟದಲ್ಲಿ ಬರೆಯಬೇಕೆಂದು ಹೇಳಿದೆವು. ಮೊದಲ ಸಲ ಬಂದ ಬಹುತೇಕ ಹಾಳೆಗಳಲ್ಲಿ ಎದುರಾಳಿಯ ವಾದದ ಬದಲು ಎದುರಾಳಿಯ ಉದ್ದೇಶವನ್ನು ಬರೆಯಲಾಗಿತ್ತು: ಅವರು ಯಾರ ಕಡೆಯವರು, ಯಾರಿಂದ ಹಣ ಬಂದಿತು, ಯಾವ ಜಾತಿಯವರು ಎಂಬುದು. ವಾದವನ್ನು ಬರೆಯುವುದು ಅವರಿಗೆ ಬಾರದು ಎಂದಲ್ಲ. ಎದುರಾಳಿಗೆ ವಾದವೊಂದಿರಬಹುದೆಂದು ಯಾರೂ ಅವರಿಗೆ ತಿಳಿಸಿರಲಿಲ್ಲ. ನಾವೂ ತಿಳಿಸಿರಲಿಲ್ಲ. ಎರಡನೆಯ ಸಲ ಹಾಳೆಗಳು ಬದಲಾದುವು. ಮುಳುಗಡೆಯಾಗಲಿರುವ ಊರಿನ ಒಬ್ಬ ವಿದ್ಯಾರ್ಥಿನಿ, ಕಾಲುವೆಯ ಕೊನೆಯಲ್ಲಿ ನೀರು ಕಾಣದ ರೈತನ ಪರವಾಗಿ ಬರೆದ ಪುಟವನ್ನು ಓದಿದಾಗ ತರಗತಿ ಸ್ವಲ್ಪ ಹೊತ್ತು ಮೌನವಾಗಿತ್ತು. ಅವಳು ತನ್ನ ಅಭಿಪ್ರಾಯವನ್ನು ಬದಲಾಯಿಸಲಿಲ್ಲ. ಬದಲಾಯಿಸಬೇಕೆಂದು ನಾವು ಕೇಳಿರಲೂ ಇಲ್ಲ.

ಇದಿಷ್ಟರಿಂದ ಹಳ್ಳಿಯ ಪಾರ್ಟಿಗಳು ಒಂದಾಗುವುದಿಲ್ಲ, ವೇದಿಕೆಯ ಭಾಷೆ ನಾಳೆಗೇ ತಿದ್ದಿಕೊಳ್ಳುವುದಿಲ್ಲ. ಆದರೆ ಎದುರಾಳಿಯ ವಾದವನ್ನು ಒಮ್ಮೆ ತನ್ನ ಕೈಯಿಂದ ಬರೆದವನು ಮುಂದಿನ ಭಾಷಣವನ್ನು ಕೇಳುವಾಗ ಒಂದು ಪ್ರಶ್ನೆಯನ್ನು ಕೇಳದೆ ಇರಲಾರನು: ಈತ ಅವರನ್ನು ಬಯ್ದುದು ಸರಿಯೇ ಇರಬಹುದು, ಆದರೆ ಈತನ ಪಕ್ಷವೇನು? ಮುಂದಿನ ಚುನಾವಣೆಯಲ್ಲಿ ಕೊಪ್ಪಳದಲ್ಲಿಯೂ ಕುಷ್ಟಗಿಯಲ್ಲಿಯೂ ಈ ಪ್ರಶ್ನೆಯನ್ನು ಕೇಳುವವರು ಹತ್ತು ಮಂದಿ ಹೆಚ್ಚಾದರೂ ಇತಿಹಾಸದ ಪಾಠವು ವ್ಯರ್ಥವಾಗಲಿಲ್ಲವೆಂದು ನಾವು ತಿಳಿಯುತ್ತೇವೆ.